ಅಪ್‌ಡೇಟ್: ಆಸ್ಪತ್ರೆಯ ಇಬ್ಬರು ಮುದುಕರ ಜೆಕ್ ಸಿನಿಮಾ ಸಿಕ್ಕಿತು

ಆಸ್ಪತ್ರೆ ಹಾಸಿಗೆಯಲ್ಲಿ ಮಲಗಿಕೊಂಡೇ ಇಬ್ಬರು ಮುದುಕರು ಬಡಾಯಿ ಕೊಚ್ಚುವ ಹಳೇ ಸಿನಿಮಾ ಯಾವುದು ಅಂತ ಕೇಳಿದ್ದೆನಲ್ಲ, ಹೇಳಿದವರಿಗೆಲ್ಲ ಥ್ಯಾಂಕ್ಸ್. ಅದು ‘ಪೆರ್ಲಿಚ್ಕಿ ನಾ ದ್ನೆ’. ಜೆಕ್ ಲೇಖಕ ಬೊಹುಮಿಲ್ ಹ್ರಬಾಲ್ ಅವರ 1963ರ ಕಥಾಸಂಕಲನದಿಂದ ಐದು ಕಥೆ, ಐವರು ನಿರ್ದೇಶಕರು: ಮೆಂಜೆಲ್, ನ್ಯೆಮೆತ್ಸ್, ಶೋರ್ಮ್, ಖಿತಿಲೋವಾ, ಯಿರೆಶ್. ಐದಕ್ಕೂ ಕ್ಯಾಮೆರಾ ಮಾತ್ರ ಒಬ್ಬರದೇ, ಯಾರೊಸ್ಲಾವ್ ಕುಚೆರಾ.

ನಿನ್ನೆ ರಾತ್ರಿ ಪೂರ್ತಿ ನೋಡಿದೆ. ಮುದುಕರ ಭಾಗ ನ್ಯೆಮೆತ್ಸ್ ಅವರದು. ಒಬ್ಬ ತಾನು ಒಪೆರಾ ಗಾಯಕನಾಗಿದ್ದೆ ಅಂತಾನೆ, ಇನ್ನೊಬ್ಬ ದೊಡ್ಡ ಪತ್ರಕರ್ತನಂತೆ. ಸತ್ತ ಮೇಲೆ ಗೊತ್ತಾಗುತ್ತೆ, ಎರಡೂ ಬರೀ ಬುರುಡೆ! ನಗು ಬಂತು, ಆದರೆ ಪೂರ್ತಿ ನಗೋಕಾಗಲಿಲ್ಲ.

ನನಗೆ ಹೆಚ್ಚು ಹಿಡಿಸಿದ್ದು ಶೋರ್ಮ್ ಅವರ ಭಾಗ. ಐದರಲ್ಲಿ ಅದೊಂದೇ ಕಲರ್. ವಿಮೆ ಮಾಡಿಸೋಕೆ ಬಂದ ಏಜೆಂಟರು ಗೋಡೆ ತುಂಬಾ ಚಿತ್ರ ಬರೆದುಕೊಂಡ ವ್ಯಕ್ತಿಯ ಮನೆ ಹೊಕ್ಕು ಕಕ್ಕಾಬಿಕ್ಕಿ. ಆ ಚಿತ್ರಕಾರ ನಟನೇ ಅಲ್ಲ, ನಿಜಕ್ಕೂ ಹಾಗೆ ಚಿತ್ರ ಬರೆಯುತ್ತಿದ್ದವರು. ಖಿತಿಲೋವಾ ಭಾಗ ನನ್ನ ತಲೆಗೆ ಅಷ್ಟಾಗಿ ಹತ್ತಲಿಲ್ಲ, ಬಿಡಿ.

ಇನ್ನೊಬ್ಬ ನಿರ್ದೇಶಕ ಇವಾನ್ ಪಾಸ್ಸರ್ ಮಾಡಿದ ಇನ್ನೊಂದು ಹ್ರಬಾಲ್ ಕಥೆ ಇದರಲ್ಲಿ ಸೇರದೆ ಬೇರೆ ಕಿರುಚಿತ್ರವಾಗಿ ಉಳಿದಿದೆ. ಸಬ್‌ಟೈಟಲ್ ಸಮೇತ ಯಾರ ಹತ್ತಿರವಾದರೂ ಇದ್ದರೆ ತಿಳಿಸಿ.