ಲೇತ್ ಕೆಲಸಕ್ಕೆ ‘ಕಡೆ’ ಅನ್ನಬಹುದೇ? ವರ್ಕ್‌ಶಾಪ್ ಮಾತುಗಳ ಬಗ್ಗೆ ಕೆಲವು ಪ್ರಶ್ನೆಗಳು

ಬಳಗದ ಎಲ್ಲರಿಗೂ ನಮಸ್ಕಾರ.

ನಾನು ಮೆಕ್ಯಾನಿಕಲ್ ಎಂಜಿನಿಯರಿಂಗ್ ಮೂರನೇ ವರ್ಷದ ವಿದ್ಯಾರ್ಥಿನಿ. ನಮ್ಮ ಕಾಲೇಜಿನ ಮೆಷಿನ್ ಶಾಪ್‌ಗೆ ಹೊಸದಾಗಿ ಬರುವ ಜೂನಿಯರ್‌ಗಳಿಗೆ ಅಂತ ನಾವು ಕೆಲವರು ಸೇರಿ ಕನ್ನಡದಲ್ಲಿ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇವೆ. ಹತ್ತನೇ ತರಗತಿವರೆಗೆ ಕನ್ನಡದಲ್ಲೇ ಓದಿದವರು ನಮ್ಮಲ್ಲಿ ಜಾಸ್ತಿ. ಕೈಕೆಲಸ ಅವರಿಗೆ ಬೇಗ ಹಿಡಿಸುತ್ತದೆ. ಹ್ಯಾಕ್ಸಾ, ಅರ, ಮೂಲೆಮಟ್ಟ ಎಲ್ಲ ಒಂದೆರಡು ವಾರದಲ್ಲಿ ಪಳಗುತ್ತವೆ. ಆದರೆ ಜರ್ನಲ್ ಬರೆಯುವಾಗ, ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಉತ್ತರ ಹೇಳುವಾಗ ಅವರೇ ತಡವರಿಸುತ್ತಾರೆ. ಕೈಗೆ ಗೊತ್ತಿರುವುದು ಬಾಯಿಗೆ ಬರುವುದಿಲ್ಲ. ಕೈಪಿಡಿಯ ಯೋಚನೆ ಹುಟ್ಟಿದ್ದೇ ಇದರಿಂದ.

ಚಕ್, ಟೇಲ್‌ಸ್ಟಾಕ್, ವರ್ನಿಯರ್ ಇಂಥವಕ್ಕೆ ಹೊಸ ಪದ ಕಟ್ಟುವ ಆಸೆ ನಮಗಿಲ್ಲ. ಅವು ಸಾಮಾನಿನ ಹೆಸರುಗಳು, ಹಾಗೇ ಇರಲಿ. ನಮಗೆ ಬೇಕಾಗಿರುವುದು ಕ್ರಿಯಾಪದಗಳು. ಕೈ ಏನು ಮಾಡುತ್ತಿದೆ, ಲೋಹಕ್ಕೆ ಏನಾಗುತ್ತಿದೆ ಅನ್ನುವುದನ್ನು ಹೇಳುವ ಮಾತುಗಳು. ಹಳೇ ಕಸುಬುಗಳಲ್ಲಿ ಇವು ಸಮೃದ್ಧವಾಗಿವೆ: ಅರ ಹಾಕು, ಸಾಣೆ ಹಿಡಿ, ಎರಕ ಹೊಯ್ಯಿ, ಬೆಸುಗೆ ಹಾಕು, ಹದ ಮಾಡು. ಇವನ್ನೆಲ್ಲ ಯಾವ ಅಳುಕೂ ಇಲ್ಲದೆ ಬಳಸಿಕೊಂಡಿದ್ದೇವೆ. ತೊಡಕು ಬಂದಿರುವುದು ಲೇತ್ ಹತ್ತಿರ, ಅಂದರೆ ಲೋಹವನ್ನು ತಿರುಗಿಸುತ್ತಾ ಹರಿತವಾದ ಟೂಲಿನಿಂದ ಕತ್ತರಿಸಿ ರೂಪ ಕೊಡುವ ಮೆಷಿನ್ ಹತ್ತಿರ.

ಮೊದಲು ಟರ್ನಿಂಗ್. ಉಕ್ಕಿನ ಸರಳನ್ನು ಚಕ್‌ಗೆ (ಲೇತಿನಲ್ಲಿ ಅದನ್ನು ಹಿಡಿದಿಡುವ ಭಾಗಕ್ಕೆ) ಬಿಗಿದು ತಿರುಗಿಸುತ್ತೇವೆ. ಟೂಲ್ ಅದರ ಉದ್ದಕ್ಕೂ ಸರಿಯುತ್ತಾ ಹೋಗುತ್ತದೆ. ಸರಳಿನ ದಪ್ಪ ಇಳಿಯುತ್ತದೆ. ಪೇಟೆಗಳಲ್ಲಿ ಜನ ಇದಕ್ಕೆ ‘ಶಾಫ್ಟ್ ಲೇತಿಗೆ ಕೊಟ್ಟಿದ್ದೀನಿ’, ‘ಡ್ರಮ್ ಟರ್ನಿಂಗ್ ಮಾಡಿಸಬೇಕು’ ಅನ್ನುತ್ತಾರೆ. ಆದರೆ ಕನ್ನಡದಲ್ಲಿ ‘ಕಡೆ’ ಅನ್ನುವ ಹಳೇ ಧಾತು ಇದೆ. ಮಜ್ಜಿಗೆ ಕಡೆಯುವುದು ಎಲ್ಲರಿಗೂ ಗೊತ್ತು. ಹಳೆಯ ನಿಘಂಟುಗಳಲ್ಲಿ ಇದೇ ಪದಕ್ಕೆ ಇನ್ನೂ ಎರಡು ಅರ್ಥ ಸಿಗುತ್ತವೆ: ಕಟ್ಟಿಗೆ ತಿಕ್ಕಿ ಬೆಂಕಿ ಹುಟ್ಟಿಸುವುದು, ತಿರುಗಣೆಗೆ (ಲೇತಿನ ಹಳೇ ರೂಪಕ್ಕೆ) ಕೊಟ್ಟು ದುಂಡಗೆ ಮಾಡುವುದು. ತಮಿಳಿನ ತಾಂತ್ರಿಕ ಪುಸ್ತಕಗಳಲ್ಲಿ ಲೇತ್‌ಗೆ ಇವತ್ತೂ ‘ಕಡೈಸಲ್ ಇಯಂದಿರಂ’ ಎಂದೇ ಬರೆಯುತ್ತಾರೆ. ನಮ್ಮಲ್ಲೂ ‘ಕಡಚಲು’ ಎಂಬ ನಾಮಪದವಿದೆ.

ಮಜ್ಜಿಗೆ, ಬೆಂಕಿ, ತಿರುಗಣೆ ಮೂರಕ್ಕೂ ಒಂದೇ ಪದ ಹೇಗೆ ಬಂತು? ಉಡುಪಿಯ ಕೃಷ್ಣನ ಕೈಯಲ್ಲಿರುವ ಕಡೆಗೋಲನ್ನು ನೆನೆದರೆ ಸಾಕು. ಕೋಲಿಗೆ ಹಗ್ಗ ಸುತ್ತಿ ಆಚೆ ಈಚೆ ಎಳೆದರೆ ಕೋಲು ತಿರುಗುತ್ತದೆ. ಬೆಂಕಿ ಹುಟ್ಟಿಸುವ ಅರಣಿಯ ಕೋಲನ್ನು ತಿರುಗಿಸುವುದೂ ಹಾಗೇ. ಮೋಟಾರ್ ಬರುವ ಮುಂಚಿನ ಕೈ ತಿರುಗಣೆಯಲ್ಲೂ ಕೆಲಸದ ತುಂಡಿಗೆ ಹಗ್ಗ ಸುತ್ತಿ ಒಬ್ಬರು ಎಳೆಯುತ್ತಿದ್ದರು, ಇನ್ನೊಬ್ಬರು ಉಳಿ ಹಿಡಿಯುತ್ತಿದ್ದರು. ಅಂದರೆ ‘ಕಡೆ’ ಪದದ ಒಡಲಲ್ಲಿ ಇರುವುದು ಹಗ್ಗದಿಂದ ತಿರುಗಿಸುವ ಕೆಲಸ ಅಂತ ನನಗೆ ತೋರುತ್ತದೆ. ಈ ಊಹೆ ಸರಿಯೇ ಅಂತ ಭಾಷಾಶಾಸ್ತ್ರ ಬಲ್ಲವರು ಹೇಳಬೇಕು.

ಬೇಲೂರು, ಹಳೇಬೀಡು, ಸೋಮನಾಥಪುರಗಳ ನುಣುಪಾದ ಕಂಬಗಳನ್ನೂ ‘ಕಡೆದ ಕಂಬ’ ಅನ್ನುತ್ತಾರೆ ಅಲ್ವಾ. ಬಳಪದ ಕಲ್ಲು ಮೆದು, ತಿರುಗಣೆಗೆ ಬಗ್ಗುತ್ತದೆ. ಕಂಬದ ಸುತ್ತ ಬಳೆಬಳೆಯಾಗಿ ಓಡುವ ಗೀರುಗಳನ್ನು ಹತ್ತಿರದಿಂದ ನೋಡಿದರೆ ಲೇತ್ ಕಲಿತವರ ಕಣ್ಣಿಗೆ ಅದು ಕೂಡಲೇ ಗುರುತು ಸಿಗುತ್ತದೆ. ಆದರೆ ‘ಕಡೆದಿಟ್ಟ ಶಿಲ್ಪ’ ಎಂದಾಗ ತಿರುಗಿಸುವ ಅರ್ಥ ಕಳೆದುಹೋಗಿ, ಬರೀ ಕೆತ್ತುವ ಅರ್ಥ ಉಳಿದಿದೆ. ಈ ಅರ್ಥ ಹೀಗೆ ಹರಡಿಕೊಂಡಿದ್ದು ಯಾವಾಗಿನಿಂದ? ಶಾಸನಗಳಲ್ಲಿ ಅಥವಾ ಹಳಗನ್ನಡ ಕಾವ್ಯದಲ್ಲಿ ಎರಡನ್ನೂ ಬೇರೆ ಮಾಡಿ ತೋರಿಸುವ ಬಳಕೆ ಇದ್ದರೆ ದಯವಿಟ್ಟು ತಿಳಿಸಿ.

‘ಕಡೆ’ ನಮಗೆ ತುಂಬಾ ಹಿಡಿಸಿತು. ಆದರೆ ಶಾಪ್‌ನಲ್ಲಿ ಬಳಸಿ ನೋಡಿದಾಗ ಒಂದು ಅಡ್ಡಿ ಬಂತು. ಮಾತಿನಲ್ಲಿ ‘ಕಡೆದು’ ಮತ್ತು ‘ಕಡಿದು’ ಎರಡೂ ‘ಕಡ್ದು’ ಆಗಿಬಿಡುತ್ತವೆ. ‘ಈ ರಾಡ್ ಕಡ್ದು ಕೊಡು’ ಅಂದರೆ ಕೇಳಿದವನು ಹ್ಯಾಕ್ಸಾ ತಗೊಂಡು ಎರಡು ತುಂಡು ಮಾಡುತ್ತಾನೆ. ಮೆಷಿನ್ ಶಾಪ್‌ನಲ್ಲಿ ಇಂಥ ಗೊಂದಲ ಇರಲೇಬಾರದು. ಅದಕ್ಕೇ ‘ಸಾಣೆ ಹಿಡಿ’ ಅನ್ನುವ ಹಾಗೆ ‘ಕಡಚಲು ಹಿಡಿ’ ಅನ್ನಬಹುದೇ ಎಂದು ಯೋಚಿಸುತ್ತಿದ್ದೇವೆ. ‘ಸರಳನ್ನು 22 ಮಿ.ಮೀ.ಗೆ ಕಡಚಲು ಹಿಡಿ.’ ನನಗೆ ಇದು ಸಹಜವಾಗಿ ಕೇಳಿಸುತ್ತದೆ. ‘ಕಡತ’ ಎಂದು ಮಾಡಿಕೊಳ್ಳೋಣ ಎಂದು ಗೆಳೆಯನೊಬ್ಬ ಹೇಳಿದ. ಆದರೆ ಕಡತ ಎಂದರೆ ಈಗ ಕಚೇರಿಯ ಫೈಲ್. ಅದನ್ನು ಇಲ್ಲಿಗೆ ಎಳೆದು ತರುವುದು ಬೇಡ.

ಎರಡನೆಯದು ‘ಕೊರೆ’. ಇದು ನಿಜಕ್ಕೂ ತಲೆ ತಿನ್ನುತ್ತಿದೆ. ತೂತಿಗೆ ಸಂಬಂಧಪಟ್ಟ ಮೂರು ಕೆಲಸಗಳನ್ನು ನಾವು ಬೇರೆ ಬೇರೆಯಾಗಿ ಕಲಿಯುತ್ತೇವೆ. ಡ್ರಿಲ್ಲಿಂಗ್ ಎಂದರೆ ಗಟ್ಟಿ ಲೋಹದಲ್ಲಿ ಹೊಸದಾಗಿ ತೂತು ಮಾಡುವುದು. ಬೋರಿಂಗ್ ಎಂದರೆ ಇರುವ ತೂತನ್ನು ಒಂದೇ ಮೊನೆಯ ಟೂಲಿನಿಂದ ಹಿಗ್ಗಿಸುವುದು. ಡ್ರಿಲ್ ಸ್ವಲ್ಪ ಓರೆಯಾಗಿ ಹೋಗಿದ್ದರೆ ಬೋರಿಂಗ್ ಅದನ್ನು ನೇರ ಮಾಡುತ್ತದೆ. ರೀಮಿಂಗ್ ಎಂದರೆ ಕೊನೆಗೆ ಬಹಳ ಕಡಿಮೆ ಲೋಹ ತೆಗೆದು ತೂತನ್ನು ಸರಿಯಾದ ಸೈಜಿಗೆ ತರುವುದು. 10 ಮಿ.ಮೀ. ತೂತು ಬೇಕಾದರೆ 9.8ರ ಡ್ರಿಲ್ ಹಾಕಿ, ಉಳಿದದ್ದನ್ನು ರೀಮರ್‌ಗೆ ಬಿಡುತ್ತೇವೆ. ರೀಮರ್ ಇರುವ ತೂತಿನ ದಾರಿಯನ್ನೇ ಹಿಡಿದು ಹೋಗುತ್ತದೆ, ಓರೆ ತಿದ್ದುವುದಿಲ್ಲ. ಈ ವ್ಯತ್ಯಾಸವೇ ವೈವಾದ ಮಾಮೂಲಿ ಪ್ರಶ್ನೆ.

ಕನ್ನಡದಲ್ಲಿ ಮೂರಕ್ಕೂ ‘ತೂತು ಕೊರೆ’ ಎಂದೇ ಬರೆದುಬಿಟ್ಟರೆ ಕಲಿಯುವವರಿಗೆ ಏನೂ ಸಿಗುವುದಿಲ್ಲ. ಇದರ ಮೇಲೆ ‘ಬೋರ್’ ಬೇರೆ ನಮ್ಮ ಹಳ್ಳಿಗಳಲ್ಲಿ ಎರಡು ಅರ್ಥದಲ್ಲಿ ಓಡಾಡುತ್ತಿದೆ. ‘ಬೋರ್ ಕೊರೆಸಿದ್ವಿ, ನೀರು ಬರಲಿಲ್ಲ’ ಅನ್ನುವಾಗ ಅದು ಕೊಳವೆಬಾವಿ. ಅಲ್ಲಿ ನಡೆಯುವ ಕೆಲಸ ಡ್ರಿಲ್ಲಿಂಗ್. ‘ಇಂಜಿನ್ ಬೋರಿಗೆ ಬಂದಿದೆ’ ಅನ್ನುವಾಗ ಅದು ನಿಜವಾದ ಬೋರಿಂಗ್. ಸಿಲಿಂಡರ್ ಒಳಮೈ ಸವೆದು ಹೊಗೆ ಬರಲು ಶುರುವಾದಾಗ ಅದನ್ನು ಒಂದಿಷ್ಟು ಹಿಗ್ಗಿಸಿ, ದೊಡ್ಡ ಸೈಜಿನ ಪಿಸ್ಟನ್ ಕೂರಿಸುತ್ತಾರೆ. ಹಳೇ ಬೈಕ್ ಇಟ್ಟುಕೊಂಡ ಮನೆಯವರಿಗೆ ಇದು ಪಾಠ ಮಾಡದೆಯೇ ಗೊತ್ತು. ಹಾಗಾಗಿ ಕೈಪಿಡಿಯಲ್ಲಿ ಬೋರಿಂಗ್ ವಿವರಿಸುವಾಗ ಇಂಜಿನ್ನಿನ ಉದಾಹರಣೆಯನ್ನೇ ಕೊಟ್ಟಿದ್ದೇವೆ.

ಈಗ ಪದಗಳು. ಡ್ರಿಲ್ಲಿಂಗ್‌ಗೆ ‘ಕೊರೆ’ ಇರಲಿ, ಟೂಲಿಗೆ ಬಡಗಿಗಳ ‘ಬೈರಿಗೆ’ ಇದ್ದೇ ಇದೆ. ಲೇತಿನ ಮೇಲಿನ ಬೋರಿಂಗ್ ನಿಜವಾಗಿ ತೂತಿನ ಒಳಮೈಗೆ ಮಾಡುವ ಟರ್ನಿಂಗ್. ಹಾಗಾದರೆ ‘ಒಳಗಡಚಲು’ ಎಂದರೆ ಹೇಗೆ? ಮೇಲೆ ಹೇಳಿದ ಪದ ನಿಂತರೆ ಇದೂ ತಾನಾಗಿ ನಿಲ್ಲುತ್ತದೆ. ಇಲ್ಲಿ ಗಕಾರ ಬರಬೇಕೋ, ‘ಒಳಕಡಚಲು’ ಸರಿಯೋ, ವ್ಯಾಕರಣ ಬಲ್ಲವರು ತಿಳಿಸಿ. ರೀಮಿಂಗ್‌ಗೆ ಫಿಟ್ಟರ್‌ಗಳು ಹೇಳುವ ‘ಸೈಜಿಗೆ ತಾ’ ಅನ್ನುವುದನ್ನೇ ಉಳಿಸಿಕೊಳ್ಳುವ ಮನಸ್ಸು ನನಗಿದೆ. ಅದರಲ್ಲಿ ಕೆಲಸದ ಉದ್ದೇಶವೇ ಇದೆ.

‘ಕಟ್ ಕೊಡು’ ಅನ್ನುವ ಮಾತಿನ ಬಗ್ಗೆಯೂ ಹೇಳಬೇಕು. ಇದು ಎಲ್ಲ ಕಡೆ ಬಳಕೆಯಲ್ಲಿದೆ. ‘ಒಂದು ಎಂಎಂ ಕಟ್ ಕೊಡು’ ಅಂದರೆ ಟೂಲ್ 1 ಮಿ.ಮೀ. ಒಳಗೆ ಹೋಗಬೇಕೋ, ಸರಳಿನ ದಪ್ಪ 1 ಮಿ.ಮೀ. ಇಳಿಯಬೇಕೋ? ಸರಳು ತಿರುಗುತ್ತಿರುವುದರಿಂದ ಟೂಲ್ 1 ಮಿ.ಮೀ. ಒಳಗೆ ಹೋದರೆ ದಪ್ಪ 2 ಮಿ.ಮೀ. ಇಳಿಯುತ್ತದೆ. ಇದರ ಜತೆಗೆ ಕೆಲವು ಲೇತ್‌ಗಳ ಡಯಲ್ ಒಂದು ಲೆಕ್ಕದಲ್ಲಿ, ಕೆಲವು ಇನ್ನೊಂದು ಲೆಕ್ಕದಲ್ಲಿ ಗುರುತು ಹಾಕಿರುತ್ತವೆ. ನಮ್ಮ ಬ್ಯಾಚಿನ ಹುಡುಗಿಯೊಬ್ಬಳ ಜಾಬ್ (ಲೇತಿನ ಮೇಲೆ ಮಾಡುತ್ತಿದ್ದ ತುಂಡು) ಹೀಗೇ ಕೈತಪ್ಪಿ ಸಣ್ಣದಾಯಿತು. ಅವಳಿಗೆ ಲೆಕ್ಕ ಗೊತ್ತಿತ್ತು, ಕೇಳಿದ ಮಾತು ಸ್ಪಷ್ಟವಿರಲಿಲ್ಲ. ತೆಗೆದ ಲೋಹವನ್ನು ಮತ್ತೆ ಅಂಟಿಸಲಾಗುವುದಿಲ್ಲ. ಅದಕ್ಕೆ ಕೈಪಿಡಿಯಲ್ಲಿ ‘ಕಟ್’ ಪದವನ್ನೇ ಬಿಟ್ಟು, ‘1 ಮಿ.ಮೀ. ಆಳ ಕೊಡು’ ಅಥವಾ ‘ದಪ್ಪ 2 ಮಿ.ಮೀ. ಇಳಿಸು’ ಎಂದು ಬೇರೆ ಬೇರೆಯಾಗಿ ಬರೆಯುತ್ತಿದ್ದೇವೆ. ‘ಆಳ’ ಪದವನ್ನು ತೂತು ಎಷ್ಟು ಉದ್ದ ಅನ್ನುವುದಕ್ಕೂ ಹೇಳುತ್ತಾರಾದ್ದರಿಂದ ಇದಕ್ಕಿಂತ ಒಳ್ಳೆಯದು ಸಿಕ್ಕರೆ ಖಂಡಿತ ಬದಲಾಯಿಸುತ್ತೇವೆ.

ನರ್ಲಿಂಗ್ ಬಗ್ಗೆ ಚಿಕ್ಕ ಪ್ರಶ್ನೆ. ಹಿಡಿ ಜಾರದಿರಲಿ ಅಂತ ಲೋಹದ ಮೈ ಮೇಲೆ ವಜ್ರಾಕಾರದ ಗೀರು ಮೂಡಿಸುತ್ತಾರಲ್ಲ, ಅದು. ಇಲ್ಲಿ ಲೋಹ ಕತ್ತರಿಸಿ ಹೋಗುವುದಿಲ್ಲ. ಗಟ್ಟಿ ಉರುಳೆಗಳು ಒತ್ತಿ ಅದನ್ನು ಉಬ್ಬಿಸುತ್ತವೆ, ದಪ್ಪ ಸ್ವಲ್ಪ ಹೆಚ್ಚೇ ಆಗುತ್ತದೆ. ಹಾಗಾಗಿ ಕೊರೆ, ಕೆತ್ತು, ಕಡೆ ಇವು ಯಾವುವೂ ಸಲ್ಲುವುದಿಲ್ಲ. ‘ಗೀರೊತ್ತು’ ಎಂದು ಸದ್ಯಕ್ಕೆ ಬರೆದುಕೊಂಡಿದ್ದೇವೆ.

ಟೂಲಿನಿಂದ ಬರುವ ಚಿಪ್ಸ್, ಅಂದರೆ ಕತ್ತರಿಸಿ ಬೀಳುವ ಲೋಹದ ಚೂರು ಕೂಡ ಮುಖ್ಯ. ಅದನ್ನು ನೋಡಿಯೇ ಲೋಹ ಯಾವುದು, ಟೂಲ್ ಹರಿತವಿದೆಯೋ ಇಲ್ಲವೋ ಅಂತ ಹೇಳುವುದನ್ನು ಫೋರ್‌ಮನ್ ಸರ್ ನಮಗೆ ಕಲಿಸಿದರು. ಮೆದು ಉಕ್ಕಿನಲ್ಲಿ ಉದ್ದದ ಸುರುಳಿ ಬರುತ್ತದೆ. ಬೀಡು ಕಬ್ಬಿಣದಲ್ಲಿ (ಕ್ಯಾಸ್ಟ್ ಐರನ್) ಸುರುಳಿ ಬರದೆ ಚೂರುಪುಡಿ ಉದುರುತ್ತದೆ. ‘ಬೀಡು’ ಎಂಬ ಪದ ಗುಜರಿ ಅಂಗಡಿಯವರ ಬಾಯಲ್ಲಿ ಇನ್ನೂ ಗಟ್ಟಿಯಾಗಿದೆ, ಇದು ಖುಷಿಯ ವಿಷಯ. ಮರದ ಹೊಟ್ಟು ಅನ್ನುವ ಹಾಗೆ ಲೋಹದ್ದಕ್ಕೂ ಹೊಟ್ಟು ಅನ್ನುವುದನ್ನು ಯಾರಾದರೂ ಕೇಳಿದ್ದೀರಾ? ಸುರುಳಿ ಮತ್ತು ಪುಡಿ ಎರಡನ್ನೂ ಒಳಗೊಳ್ಳುವ ಒಂದು ಪದ ಬೇಕಾಗಿದೆ.

ಅಳತೆಯ ಮಾತಿನಲ್ಲಿ ‘ಕೂದಲೆಳೆಯಷ್ಟು’ ಅನ್ನುವುದನ್ನು ಕೈಪಿಡಿಯಿಂದ ತೆಗೆದುಹಾಕಿದ್ದೇವೆ. 10 ಮಿ.ಮೀ. ತೂತಿಗೆ ಎಚ್7 (ಸೈಜು ಎಷ್ಟು ಹೆಚ್ಚುಕಡಿಮೆ ಆಗಬಹುದು ಎಂದು ಹೇಳುವ ಗುರುತು) ಎಂದು ಡ್ರಾಯಿಂಗ್‌ನಲ್ಲಿ ಬರೆದಿದ್ದರೆ ಅದು 10.000 ಮತ್ತು 10.015ರ ನಡುವೆ ಇರಬೇಕು. ತಲೆಗೂದಲಿನ ದಪ್ಪ ಇದರ ಎಷ್ಟೋ ಪಟ್ಟು. ಕೂದಲೆಳೆಯಷ್ಟು ತಪ್ಪಿದರೆ ಜಾಬ್ ಗುಜರಿಗೆ ಹೋಗುತ್ತದೆ.

ಕೊನೆಯದಾಗಿ ಒಂದು ಕೋರಿಕೆ. ನಮ್ಮ ಶಾಪ್‌ನಲ್ಲಿ ಹರಿಹರದಲ್ಲಿ ತಯಾರಾದ ಹಳೇ ಲೇತ್‌ಗಳಿವೆ. ಅವನ್ನು ತಯಾರಿಸುತ್ತಿದ್ದ ಮೈಸೂರು ಕಿರ್ಲೋಸ್ಕರ್ ಕಂಪನಿ ಅಲ್ಲಿ ಶುರುವಾಗಿದ್ದು 1941ರಲ್ಲಿ. ಬೆಂಗಳೂರಿನ ಜಾಲಹಳ್ಳಿಯ ಎಚ್‌ಎಂಟಿ (ಹಿಂದೂಸ್ತಾನ್ ಮೆಷಿನ್ ಟೂಲ್ಸ್) ಹುಟ್ಟಿದ್ದು 1953ರಲ್ಲಿ. ಲೇತ್ ಓಡಿಸುವುದಷ್ಟೇ ಅಲ್ಲ, ಲೇತನ್ನೇ ತಯಾರಿಸಿದ ಕನ್ನಡಿಗರು ಈ ಎರಡು ಊರುಗಳಲ್ಲಿ ತಲೆಮಾರುಗಟ್ಟಲೆ ಇದ್ದಾರೆ. ಮೆಷಿನ್ ಪಕ್ಕ ನಿಂತು ಅವರು ಒಬ್ಬರಿಗೊಬ್ಬರು ಆಡಿದ ಮಾತು ನಮಗೆ ಬೇಕು. ನಿಮ್ಮ ತಂದೆ, ಅಜ್ಜ, ಮಾವ ಯಾರಾದರೂ ಅಲ್ಲಿ ಟರ್ನರ್, ಫಿಟ್ಟರ್, ಗ್ರೈಂಡರ್ ಆಗಿದ್ದರೆ ದಯವಿಟ್ಟು ಕೇಳಿ ನೋಡಿ. ಹಾಗೇ ಚನ್ನಪಟ್ಟಣದ ಕಡೆಯವರು ಇದ್ದರೆ, ಆಲೆ ಮರವನ್ನು ತಿರುಗಣೆಗೆ ಕೊಟ್ಟು ಗೊಂಬೆ ಮಾಡುವಾಗ, ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿ ಬಣ್ಣ ಏರಿಸುವಾಗ, ಕೇದಗೆ ಗರಿಯಿಂದ ಹೊಳಪು ಕೊಡುವಾಗ ಕುಶಲಕರ್ಮಿಗಳು ಏನೇನು ಅನ್ನುತ್ತಾರೆ ಎಂದು ತಿಳಿಸಿ. ಅಲ್ಲಿ ‘ಕಡೆ’ ಇನ್ನೂ ಬದುಕಿದೆಯೇ ಅನ್ನುವುದು ನನ್ನ ಮುಖ್ಯ ಕುತೂಹಲ.

ಬರೀ ಪದ ಕಳಿಸುವುದಕ್ಕಿಂತ, ಯಾವ ಊರಿನಲ್ಲಿ, ಯಾವ ಕೆಲಸ ಮಾಡುವಾಗ ಕೇಳಿದ್ದು ಅಂತ ಬರೆದು, ಅವರು ಆಡಿದ ವಾಕ್ಯವನ್ನು ಪೂರ್ತಿಯಾಗಿ ಕೊಟ್ಟರೆ ನಮಗೆ ಬಹಳ ಉಪಕಾರವಾಗುತ್ತದೆ.