ಸ್ಪ್ಯಾನಿಷ್‌ನಲ್ಲಿ ಸಲಹೆ ಕೊಟ್ಟರೆ ಅಪ್ಪಣೆ ಥರ ಕೇಳಿಸುತ್ತಿದೆ, ಏನು ಮಾಡಲಿ?

ಪ್ರಶ್ನೆ: ವಲೆನ್ಸಿಯಾಕ್ಕೆ ಬಂದು 8 ತಿಂಗಳಾಯಿತು. ಪಕ್ಕದ ಮನೆ ಅಜ್ಜಿಗೆ ವಾರದಿಂದ ಕೆಮ್ಮು. ಡಾಕ್ಟರ ಹತ್ತಿರ ಹೋಗಿ ಅನ್ನೋಕೆ ‘ದೆಬೆಸ್ ಇರ್ ಅಲ್ ಮೇದಿಕೊ’ ಅಂದೆ. ಅವರ ಮುಖ ಸಪ್ಪಗಾಯಿತು. ತುಂಬಾ ಬೇಜಾರಾಗಿದೆ. ಹೇಗೆ ಹೇಳಬೇಕಿತ್ತು?

ಉತ್ತರ: ‘ದೆಬೆಸ್’ ಅಂದರೆ ‘ಹೋಗಲೇಬೇಕು’ ಅಂದ ಹಾಗೆ. ‘ದೆಬೆರಿಯಾ ಇರ್’ ಅನ್ನಿ, ‘ಹೋದರೆ ಒಳ್ಳೇದು’ ಅಂತಾಗುತ್ತದೆ. ಹಿರಿಯರಲ್ವಾ, ‘ದೆಬೆರಿಯಾಸ್’ ಬೇಡ. ಕೊನೆಯ ‘ಸ್’ ಬಂದರೆ ‘ನೀನು’ ಅಂದಂತೆ.

ಇನ್ನೊಂದು ಉತ್ತರ: ನನಗೆ ಜಾಸ್ತಿ ಇಷ್ಟ ‘ಯೊ ಎನ್ ಸು ಲುಗಾರ್ ಇರಿಯಾ’. ನಿಮ್ಮ ಜಾಗದಲ್ಲಿ ನಾನಿದ್ದರೆ ಹೋಗುತ್ತಿದ್ದೆ. ನಾವೂ ಹೀಗೇ ಹೇಳ್ತೀವಲ್ಲ! ‘ಇರ್’ ಜೊತೆ ‘ಇಯಾ’ ಸೇರಿಸಿದರೆ ಆಯಿತು.

ಪ್ರಶ್ನೆ ಕೇಳಿದವರು: ಸಂಜೆ ಬಾಗಿಲು ತಟ್ಟಿ ಹಾಗೇ ಹೇಳಿದೆ. ಅಜ್ಜಿ ಕೈ ಹಿಡಿದುಕೊಂಡು ‘ಮನ್ಯಾನಾ’ ಅಂದರು. ನಾಳೆ ಹೋಗ್ತಾರಂತೆ.