ಹೊಸ ಸ್ಪೀಕರ್ ಹಾಕಿಸಿದರೂ ಕಾರಿನಲ್ಲಿ ಬೇಸ್ ಬರುತ್ತಿಲ್ಲ, ನಿಮ್ಮ ಅನುಭವ ಹೇಳಿ

ಪ್ರಶ್ನೆ: ಕಾರಿನ ಮುಂದಿನ ಎರಡೂ ಬಾಗಿಲಿಗೆ ಹೊಸ ಸ್ಪೀಕರ್ ಹಾಕಿಸಿದೆ. ಹಾಡು ಮೊದಲಿಗಿಂತ ಸ್ಪಷ್ಟವಾಗಿ ಕೇಳುತ್ತದೆ, ಆದರೆ ಬೇಸ್ (ದಪ್ಪನೆಯ ಕೆಳಸ್ಥಾಯಿಯ ಸದ್ದು) ಇಲ್ಲವೇ ಇಲ್ಲ. ಈಕ್ವಲೈಜರ್‌ನಲ್ಲಿ ಬೇಸ್ ಪೂರ್ತಿ ಏರಿಸಿದರೆ ದನಿ ಮಂಕಾಗುತ್ತದೆ, ಬಾಗಿಲು ಗಡಗಡ ಅನ್ನುತ್ತದೆ. ಸಬ್‌ವೂಫರ್ (ಬೇಸಿಗೆಂದೇ ಇರುವ ದೊಡ್ಡ ಸ್ಪೀಕರ್) ತಗೊಳ್ಳಲೇಬೇಕಾ?

ಉತ್ತರ: ಸಬ್ ವಿಷಯ ಆಮೇಲೆ ನೋಡೋಣ. ಮೊದಲು ಈಕ್ವಲೈಜರ್ ಪೂರ್ತಿ ಸೊನ್ನೆಗೆ ತನ್ನಿ. ಲೌಡ್‌ನೆಸ್, ಬೇಸ್ ಬೂಸ್ಟ್ ಏನಿದ್ದರೂ ಆಫ್ ಮಾಡಿ. ಫೇಡರ್ (ಮುಂದಿನ, ಹಿಂದಿನ ಸ್ಪೀಕರಿಗೆ ಸದ್ದು ಹಂಚುವ ಸೆಟ್ಟಿಂಗ್) ಮುಂದಕ್ಕೆ ತಂದು, ಬೇಸ್ ಗಿಟಾರ್ ಚೆನ್ನಾಗಿರುವ ಒಂದು ಹಾಡು ಹಾಕಿ. ಈಗ ಎಡ-ಬಲಕ್ಕೆ ಸದ್ದು ಹಂಚುವ ಬ್ಯಾಲೆನ್ಸನ್ನು ನಿಧಾನವಾಗಿ ಒಂದು ಪಕ್ಕಕ್ಕೆ ತಿರುಗಿಸಿ.

ಒಂದೇ ಸ್ಪೀಕರ್ ಹಾಡುವಾಗ ಬೇಸ್ ಜಾಸ್ತಿಯಾಯಿತಾ? ಹಾಗಿದ್ದರೆ ಎರಡರಲ್ಲಿ ಒಂದಕ್ಕೆ ಪ್ಲಸ್, ಮೈನಸ್ ವೈರ್ ಅದಲುಬದಲಾಗಿದೆ. ಒಂದರ ಕೋನ್ (ಸ್ಪೀಕರಿನಲ್ಲಿ ಅಲುಗಾಡಿ ಸದ್ದು ಮಾಡುವ ಭಾಗ) ಮುಂದೆ ಬರುವಾಗ ಇನ್ನೊಂದರದ್ದು ಹಿಂದೆ ಸರಿಯುತ್ತದೆ. ಒಂದು ತಳ್ಳಿದ ಗಾಳಿಯನ್ನು ಇನ್ನೊಂದು ಎಳೆದುಕೊಂಡರೆ ಬೇಸ್ ಎಲ್ಲಿಂದ ಬರಬೇಕು? ನನಗೂ ಹೀಗೇ ಆಗಿತ್ತು. ಎರಡು ತಿಂಗಳು ಸುಮ್ನೆ ಈಕ್ವಲೈಜರ್ ತಿರುಗಿಸುತ್ತಾ ಕೂತಿದ್ದೆ. ಕೊನೆಗೆ ಬಾಗಿಲಿನ ಪ್ಯಾನೆಲ್ ಬಿಚ್ಚಿ ನೋಡಿದರೆ ಕಪ್ಪು ಗೆರೆಯ ವೈರ್ ಎಡಗಡೆ ಪ್ಲಸ್‌ಗೆ ಹೋಗಿದೆ, ಬಲಗಡೆ ಮೈನಸ್‌ಗೆ. ಎಡಗಡೆಯ ಎರಡು ಪಿನ್ ತೆಗೆದು ಅದಲುಬದಲು ಹಾಕಿದೆ, ಅಷ್ಟೇ. ಅವತ್ತು ಮನೆ ತಲುಪಿದ ಮೇಲೂ ಕಾರಿನಿಂದ ಇಳಿಯಲು ಮನಸ್ಸಾಗಲಿಲ್ಲ.

ಇನ್ನೊಬ್ಬರ ಉತ್ತರ: ವೈರ್ ಸರಿ ಇದ್ದರೆ ಬಾಗಿಲು ನೋಡಿ. ಬಾಗಿಲಿನ ಒಳಗಿನ ತಗಡಿನಲ್ಲಿ ದೊಡ್ಡ ದೊಡ್ಡ ತೂತುಗಳಿರುತ್ತವೆ. ಸ್ಪೀಕರಿನ ಹಿಂದಿನ ಗಾಳಿ ಅಲ್ಲಿಂದ ಮುಂದೆ ಬಂದು ಬೇಸನ್ನು ತಿಂದುಬಿಡುತ್ತದೆ. ಬ್ಯೂಟೈಲ್ ಶೀಟ್ (ಅಂಟುವ ರಬ್ಬರಿನಂಥ ಹಾಳೆ) ಅಂಟಿಸಿ ಆ ತೂತು ಮುಚ್ಚಿಸಿ, ಸ್ಪೀಕರ್ ಸುತ್ತ ಫೋಮ್ ರಿಂಗ್ ಹಾಕಿಸಿ. ಬಾಗಿಲಿನ ತಳದಲ್ಲಿ ನೀರು ಇಳಿಯುವ ಕಿಂಡಿಗಳನ್ನು ಮಾತ್ರ ಮುಚ್ಚಬೇಡಿ, ತುಕ್ಕು ಹಿಡಿಯುತ್ತದೆ. ಗಡಗಡ ಎಲ್ಲಿಂದ ಅಂತ ಗೊತ್ತಾಗಬೇಕಾದರೆ ಹಾಡು ಓಡುವಾಗಲೇ ಪ್ಯಾನೆಲ್ ಮೇಲೆ ಅಂಗೈ ಒತ್ತುತ್ತಾ ಹೋಗಿ. ಒತ್ತಿದ ಕಡೆ ಸದ್ದು ನಿಂತರೆ ಅದೇ ಜಾಗ. ನನ್ನ ಕಾರಿನಲ್ಲಿ ಸಡಿಲವಾಗಿದ್ದದ್ದು ಲಾಕ್‌ನ ಕಂಬಿ. ಸ್ವಲ್ಪ ಫೋಮ್ ಟೇಪ್ ಸುತ್ತಿದೆ, ನಿಂತಿತು.

ಮತ್ತೊಬ್ಬರು: ಮೇಲಿನ ಎರಡೂ ಸರಿ. ಇಷ್ಟು ಸೇರಿಸುತ್ತೇನೆ. ಫೋನಿನ ಈಕ್ವಲೈಜರೂ ಆಫ್ ಇರಲಿ. ಎರಡು ಕಡೆ ಏರಿಸಿದರೆ ಸದ್ದು ಒಡೆಯುತ್ತದೆ. ಬಾಗಿಲಿನ ಸ್ಪೀಕರಿಗೆ ಹೈ ಪಾಸ್ ಫಿಲ್ಟರ್ (ಇಟ್ಟ ಮಟ್ಟಕ್ಕಿಂತ ಕೆಳಗಿನ ಸದ್ದನ್ನು ತಡೆಯುವ ಸೆಟ್ಟಿಂಗ್) 80 ಹರ್ಟ್ಜ್ ಹತ್ತಿರ ಇಡಿ, ಸಬ್ ಇಲ್ಲದಿದ್ದರೆ 50–60ಕ್ಕೆ ಇಳಿಸಿ ನೋಡಬಹುದು. ಬೇಕಾದದ್ದನ್ನು ಏರಿಸುವ ಬದಲು ಜಾಸ್ತಿ ಅನ್ನಿಸಿದ್ದನ್ನು 2–3 ಡೆಸಿಬೆಲ್ ಇಳಿಸಿ. ದನಿ ಮಂಕಾಗಿದ್ದರೆ ಮೊದಲು 200 ಹರ್ಟ್ಜ್ ಆಸುಪಾಸು ಇಳಿಸಿ ಕೇಳಿ.

ಟೈಮ್ ಅಲೈನ್‌ಮೆಂಟ್ (ಎರಡೂ ಸ್ಪೀಕರಿನ ಸದ್ದು ಒಟ್ಟಿಗೆ ಕಿವಿಗೆ ತಲುಪುವಂತೆ ಹತ್ತಿರದ್ದನ್ನು ತಡ ಮಾಡುವ ಸೆಟ್ಟಿಂಗ್) ಇದ್ದರೆ ದಯವಿಟ್ಟು ಬಿಡಬೇಡಿ. ಶಬ್ದ 1 ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಸಾಗುತ್ತದೆ. ಟೇಪ್ ಹಿಡಿದು ತಲೆಯಿಂದ ಎರಡೂ ಸ್ಪೀಕರಿಗೆ ಅಳೆಯಿರಿ. ವ್ಯತ್ಯಾಸ 40 ಸೆಂಟಿಮೀಟರ್ ಇದ್ದರೆ ಹತ್ತಿರದ ಸ್ಪೀಕರನ್ನು 1.2 ಮಿಲಿಸೆಕೆಂಡ್ ತಡ ಮಾಡಿ. ಅಲ್ಲಿಯವರೆಗೆ ಪಕ್ಕದ ಬಾಗಿಲಲ್ಲಿ ಹಾಡುತ್ತಿದ್ದವರು ಡ್ಯಾಶ್‌ಬೋರ್ಡ್ ನಡುವೆ ಬಂದು ನಿಂತ ಹಾಗಿರುತ್ತದೆ. ಅದನ್ನು ಒಮ್ಮೆ ಕೇಳಿದ ಮೇಲೆ ಹಿಂದಕ್ಕೆ ಹೋಗುವುದು ಕಷ್ಟ ಅಲ್ವಾ?

ಕೇಳಿದವರು: ಬ್ಯಾಲೆನ್ಸ್ ತಿರುಗಿಸಿ ನೋಡಿದೆ, ಬಲಕ್ಕೆ ಹೋದ ಕೂಡಲೇ ಬೇಸ್ ಬಂತು! ಎಡ ಬಾಗಿಲಿನ ವೈರ್ ತಿರುವುಮುರುವು ಆಗಿತ್ತು, ಸರಿ ಮಾಡಿಸಿದೆ. ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಗಡಗಡ ಇನ್ನೂ ಸ್ವಲ್ಪ ಇದೆ, ಭಾನುವಾರ ಪ್ಯಾನೆಲ್ ಬಿಚ್ಚುತ್ತೇನೆ.